ಇಲಿಗೆ ಪಾರ್ಕಿನ್ಸನ್ ಬರುತ್ತದೆಯೇ? ‘ಇಲಿಗಳಲ್ಲಿ ಯಶಸ್ವಿ’ ಎಂಬ ಸುದ್ದಿಯನ್ನು ಎಷ್ಟು ನಂಬಬೇಕು?

ಅಡಿಕೆಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ 71 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮೂರು ವರ್ಷದ ಹಿಂದೆ ಪಾರ್ಕಿನ್ಸನ್ ಎಂದು ಗೊತ್ತಾಯಿತು. ನಮಗೆ ಮೊದಲು ಅನುಮಾನ ಬಂದದ್ದು ಕೈ ನಡುಕದಿಂದಲ್ಲ, ಲೆಕ್ಕದ ಪುಸ್ತಕದಿಂದ. ಕೊನೆಕೊಯ್ಲಿನ ಆಳುಗಳ ಲೆಕ್ಕವನ್ನು ಅವರು ನಲವತ್ತು ವರ್ಷದಿಂದ ಒಂದೇ ಬಗೆಯ ಉದ್ದ ಪುಸ್ತಕದಲ್ಲಿ ಬರೆಯುತ್ತ ಬಂದವರು. ಸಾಲಿನ ಆರಂಭದಲ್ಲಿ ಗುಂಡಗೆ ಇರುವ ಅಕ್ಷರ ಸಾಲಿನ ತುದಿಗೆ ಬರುವಷ್ಟರಲ್ಲಿ ಇರುವೆಯ ಗಾತ್ರಕ್ಕೆ ಇಳಿಯತೊಡಗಿತ್ತು. ಕನ್ನಡಕ ಬದಲಿಸಿದೆವು. ಪ್ರಯೋಜನವಾಗಲಿಲ್ಲ. ಆಮೇಲೆ ಬಲಗೈ ಬೀಸದೆ ನಡೆಯುವುದನ್ನು ತಂಗಿ ಗಮನಿಸಿದಳು.

ಈಗ ಲೆವೊಡೋಪಾ, ಕಾರ್ಬಿಡೋಪಾ ಸೇರಿದ ಮಾತ್ರೆ ದಿನಕ್ಕೆ ನಾಲ್ಕು ಬಾರಿ. ಮಾತ್ರೆ ಹಿಡಿದಿರುವಾಗ ತೋಟಕ್ಕೆ ಹೋಗಿ ಬರುತ್ತಾರೆ. ಅದರ ಹಿಡಿತ ಬಿಟ್ಟಾಗ ಜಗಲಿಯಿಂದ ಅಂಗಳಕ್ಕೆ ಇಳಿಯುವ ಮೆಟ್ಟಿಲ ಬಳಿಯೇ ಕಾಲು ಕಚ್ಚಿಕೊಂಡು ನಿಲ್ಲುತ್ತಾರೆ.

ನನ್ನ ತೊಂದರೆ ಬೇರೆ. ನಾನು ಬೆಂಗಳೂರಿನಲ್ಲಿರುವವನು. ಊರಿನಿಂದ, ನೆಂಟರಿಂದ ವಾರಕ್ಕೆ ಒಂದಾದರೂ ಸುದ್ದಿ ನನ್ನ ಮೊಬೈಲಿಗೆ ಬಂದು ಬೀಳುತ್ತದೆ. ‘ಪಾರ್ಕಿನ್ಸನ್‌ಗೆ ಮದ್ದು, ಇಲಿಗಳಲ್ಲಿ ಯಶಸ್ವಿ’ ಎಂದು. ಅಮ್ಮ ಪ್ರತಿ ಸಲವೂ ಫೋನ್ ಮಾಡಿ ‘ಆ ಮದ್ದು ಬಂತಾ’ ಎಂದು ಕೇಳುತ್ತಾರೆ. ನಾನು ಓದಿದ್ದು ವಾಣಿಜ್ಯ. ಇಲಿಗೆ ನಿಜವಾಗಿ ಈ ಕಾಯಿಲೆ ಬರುತ್ತದೆಯೇ? ಬರದಿದ್ದರೆ ಅದಕ್ಕೆ ಗುಣವಾಯಿತು ಎಂದರೆ ಏನು ಅರ್ಥ? ಅಮ್ಮನಿಗೆ ನಾನು ಏನೆಂದು ಹೇಳಲಿ?

ಕಪ್ಪೆಮೇಷ್ಟ್ರು

ನೇರ ಉತ್ತರ ಮೊದಲು. ಬರುವುದಿಲ್ಲ. ಇಲಿಗೆ ಪಾರ್ಕಿನ್ಸನ್ ತಾನಾಗಿ ಬರುವುದಿಲ್ಲ, ನಾವು ಬರಿಸಬೇಕು. ಹಾಗೆ ಬರಿಸಿದಾಗಲೂ ಬರುವುದು ಕಾಯಿಲೆಯ ಒಂದು ತುಂಡು. ಯಾವ ತುಂಡು ಎಂಬುದನ್ನು ಪತ್ರಿಕೆ ಬರೆಯುವುದಿಲ್ಲ. ನಿಮ್ಮ ಮನೆಯವರ ಆಸೆ ಹುಟ್ಟುವುದೂ ಸಾಯುವುದೂ ಆ ಬರೆಯದ ಜಾಗದಲ್ಲಿ.

ನನ್ನ ಹೆಸರು ನೋಡಿ ನಗಬೇಡಿ. ಒಂದು ವೈದ್ಯಕೀಯ ಕಾಲೇಜಿನಲ್ಲಿ 31 ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿದೆ. ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು ಇದು. ನಿವೃತ್ತಿಯಾದ ಮೇಲೆ ಮುಂದಿನಿಂದಲೂ ಇಟ್ಟುಕೊಂಡಿದ್ದೇನೆ.

ಕಪ್ಪೆಯಿಂದಲೇ ಶುರು ಮಾಡುತ್ತೇನೆ, ಬೇರೆ ದಾರಿ ನನಗೆ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ನಮ್ಮ ಅಟೆಂಡರ್ ಹೊಳಪಿನ ಕಾಗದವನ್ನು ಡ್ರಮ್ಮಿಗೆ ಸುತ್ತಿ, ಸೀಮೆಎಣ್ಣೆ ದೀಪದ ಹೊಗೆಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರು. ಮಸಿ ಸಮನಾಗಿ ಕೂತರೆ ಆ ದಿನದ ಪಾಠ ಅರ್ಧ ಗೆದ್ದಂತೆ. ಕಪ್ಪೆಯ ತೊಡೆಯ ನರವನ್ನು ಮೀನಖಂಡದ ಸ್ನಾಯುವಿನ ಸಮೇತ ಬಿಡಿಸಿ, ಸ್ನಾಯುವಿನ ತುದಿಯನ್ನು ದಾರದಿಂದ ಒಂದು ಹಗುರ ಸನ್ನೆಗೆ ಕಟ್ಟುವುದು. ನರಕ್ಕೆ ವಿದ್ಯುತ್ತಿನ ತಂತಿ ಸೋಕಿದ ಕೂಡಲೇ ಸ್ನಾಯು ಸೆಳೆದುಕೊಳ್ಳುತ್ತದೆ, ಸನ್ನೆಯ ಮುಳ್ಳು ತಿರುಗುವ ಮಸಿಯ ಮೇಲೆ ಬಿಳಿಯ ಗುಡ್ಡವೊಂದನ್ನು ಗೀಚುತ್ತದೆ. ಆಮೇಲೆ ಅದೇ ಸ್ನಾಯುವಿಗೆ ಕ್ಯುರಾರೆ ತಾಗಿಸುವುದು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ಮೊನೆಗೆ ಸವರುತ್ತಿದ್ದ ವಿಷ ಅದು. ಈಗ ನರವನ್ನು ಎಷ್ಟು ಮುಟ್ಟಿದರೂ ಗುಡ್ಡ ಏಳುವುದಿಲ್ಲ, ಗೆರೆ ಚಪ್ಪಟೆಯಾಗಿ ಓಡುತ್ತಿರುತ್ತದೆ. ‘ಸ್ನಾಯು ಸತ್ತಿತು ಸಾರ್’ ಎನ್ನುವ ಹುಡುಗ ಪ್ರತಿ ವರ್ಷವೂ ಒಬ್ಬನಿರುತ್ತಿದ್ದ. ತಂತಿಯನ್ನು ನೇರವಾಗಿ ಸ್ನಾಯುವಿಗೇ ಮುಟ್ಟಿಸು ಎನ್ನುತ್ತಿದ್ದೆ. ಮುಟ್ಟಿಸಿದರೆ ಗುಡ್ಡ ಮತ್ತೆ ಎದ್ದೇ ಏಳುತ್ತದೆ. ಈ ದಡದಲ್ಲಿ ನರ ಸರಿಯಿದೆ, ಆ ದಡದಲ್ಲಿ ಸ್ನಾಯು ಸರಿಯಿದೆ, ನಡುವಿನ ದೋಣಿ ಮಾತ್ರ ನಿಂತಿದೆ. ಕ್ಲಾಡ್ ಬರ್ನಾರ್ಡ್ 19ನೆಯ ಶತಮಾನದಲ್ಲಿ ತೋರಿಸಿದ್ದು ಇದನ್ನೇ. ಆ ದೋಣಿ ಒಂದು ರಾಸಾಯನಿಕ ಎಂಬುದು 1921ರಲ್ಲಿ ಆಟೋ ಲೋವಿ ಎರಡು ಕಪ್ಪೆ ಹೃದಯಗಳನ್ನಿಟ್ಟುಕೊಂಡು ಮಾಡಿದ ಪ್ರಯೋಗದಿಂದ ತಿಳಿಯಿತು. ನರವನ್ನು ಕೆಣಕಿ ಒಂದು ಹೃದಯದ ಬಡಿತ ಇಳಿಸಿ, ಅದು ಮಿಡಿದಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದರು, ಅದರ ಬಡಿತವೂ ಇಳಿಯಿತು. ಇಷ್ಟೆಲ್ಲವನ್ನು ಕಲಿಸಿದ ಕಪ್ಪೆಗೆ ಯಾವ ಕಾಯಿಲೆಯೂ ಇರಲಿಲ್ಲ. ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನದೂ ಇದೇ ಕಥೆ. ಅದರ ಒಂದು ನರತಂತು ಮಿಲಿಮೀಟರಿನಷ್ಟು ದಪ್ಪಗಿರಬಲ್ಲದು, ಒಳಗೆ ತಂತಿ ತೂರಿಸಬಹುದು. ನರದಲ್ಲಿ ವಿದ್ಯುತ್ ಸಂಕೇತ ಹೇಗೆ ಓಡುತ್ತದೆ ಎಂದು ತೋರಿಸಿದ ಹಾಜ್ಕಿನ್ ಮತ್ತು ಹಕ್ಸ್‌ಲಿ ಅದನ್ನು ಹಿಡಿದದ್ದು ಆ ದಪ್ಪಕ್ಕಾಗಿ.

ನಿಮ್ಮ ತಂದೆಯವರಿಗೆ ಕಡಿಮೆಯಾಗಿರುವುದು ಇಂಥದೇ ಇನ್ನೊಂದು ದೋಣಿ, ಡೋಪಮೈನ್. ಮಿದುಳಿನ ಬುಡದಲ್ಲಿ ಕಪ್ಪಗೆ ಕಾಣುವ ಒಂದು ಪುಟ್ಟ ಪಟ್ಟಿಯ ಜೀವಕೋಶಗಳು ಅದನ್ನು ತಯಾರಿಸುತ್ತವೆ. ಅವು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತ ಬಂದು, ಬಹುಪಾಲು ಹೋದ ಮೇಲೆ ಲೆಕ್ಕದ ಪುಸ್ತಕದ ಅಕ್ಷರ ಸಣ್ಣದಾಗುತ್ತದೆ.

ಅವರು ನುಂಗುವ ಮಾತ್ರೆಯ ಹಿಂದೆ ಮೊಲವಿದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ 1957ರಲ್ಲಿ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ನಮ್ಮ ಸರ್ಪಗಂಧಿ ಬೇರಿನಿಂದ ತೆಗೆದ ಪದಾರ್ಥ ಅದು, ರಕ್ತದೊತ್ತಡಕ್ಕೆ ಆಗ ಬಳಕೆಯಲ್ಲಿತ್ತು. ನರದ ತುದಿಯ ಪುಟ್ಟ ಸಂಚಿಗಳಲ್ಲಿ ತುಂಬಿಟ್ಟ ಡೋಪಮೈನ್ ಬರಿದಾಯಿತು. ಮೊಲಗಳು ಕಿವಿ ಜೋಲಿಸಿಕೊಂಡು ಕೂತಲ್ಲೇ ಕೂತವು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ (ನಿಮ್ಮ ತಂದೆಯವರ ಮಾತ್ರೆಯ ಲೆವೊಡೋಪಾ ಅದರದೇ ರೂಪ) ಚುಚ್ಚಿದ ಹದಿನೈದು ನಿಮಿಷಕ್ಕೆ ಕಿವಿ ನೆಟ್ಟಗಾಗಿ ಓಡಾಡತೊಡಗಿದವು. ಆ ಮೊಲಗಳ ಚಿತ್ರ ತೋರಿಸಿದಾಗ ಮಾತ್ರ ನನ್ನ ಹಿಂದಿನ ಬೆಂಚಿನವರೂ ಮಾತು ನಿಲ್ಲಿಸುತ್ತಿದ್ದರು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್, ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಕಡಿಮೆ ಇರುವುದನ್ನು ತೋರಿಸಿದರು. ಮರುವರ್ಷವೇ ರೋಗಿಗಳಿಗೆ ಡೋಪಾ ಕೊಟ್ಟು ನೋಡಿದ ವರದಿ ಬಂತು. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಸಿಕ್ಕಿತು.

ಆದರೆ ಗಮನಿಸಿ. ಮೊಲದಲ್ಲಿ ಬರಿದಾದದ್ದು ಸಂಚಿ. ಅದನ್ನು ತುಂಬಿಸುವ ಕೋಶಗಳು ಸತ್ತಿರಲಿಲ್ಲ. ಅದಕ್ಕೇ ಆ ಮೊಲ ನಮಗೆ ಸಂಚಿ ತುಂಬುವ ಮದ್ದು ಕೊಟ್ಟಿತು, ಸಾವು ತಡೆಯುವ ಮದ್ದು ಕೊಡಲಿಲ್ಲ. ಇಂದಿಗೂ ಅಂಥ ಮದ್ದು ನಮ್ಮ ಕೈಯಲ್ಲಿಲ್ಲ.

ಇನ್ನು ‘ಇಲಿ’. ಕನ್ನಡ ಪತ್ರಿಕೆಗಳ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಸುಂಡಿಲಿಯೂ ಅವರಿಗೆ ಇಲಿ, ದೊಡ್ಡ ಇಲಿಯೂ ಇಲಿ. ನಮ್ಮ ಅಜ್ಜಿಗೆ ಆ ಭೇದ ಗೊತ್ತಿತ್ತು. ಪಾರ್ಕಿನ್ಸನ್ ವಿಷಯದಲ್ಲಿ ಆ ಭೇದ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಕಥೆ ಸಾಕು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕಳ್ಳತನದಲ್ಲಿ ತಯಾರಾದ ಕೃತಕ ಹೆರಾಯಿನ್ ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಕಲ್ಲಿನಂತೆ ಸೆಟೆದು ಆಸ್ಪತ್ರೆ ಸೇರಿದರು. ಮುದುಕರ ಕಾಯಿಲೆ ಹರೆಯದವರ ಮೈಯಲ್ಲಿ. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಬೆನ್ನು ಹತ್ತಿ ಹೋದಾಗ ಆ ಪುಡಿಯಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಸಿಕ್ಕಿತು. ಸರಿ, ದೊಡ್ಡ ಇಲಿಗೆ ಕೊಟ್ಟರೆ ಅದು ಹೆಚ್ಚುಕಡಿಮೆ ಏನೂ ಆಗದಂತೆ ಓಡಾಡಿಕೊಂಡಿತ್ತು. ಕೋತಿಗೆ ಕೊಟ್ಟರೆ ನಡೆ, ಬಿಗಿತ, ಬಾಗಿದ ಬೆನ್ನು ಎಲ್ಲವೂ ಪಾರ್ಕಿನ್ಸನ್‌ನಂತೆಯೇ, ಲೆವೊಡೋಪಾ ಕೊಟ್ಟರೆ ಚೇತರಿಕೆಯೂ ಹಾಗೆಯೇ. ಸುಂಡಿಲಿಯ ಕೆಲವು ತಳಿಗಳಲ್ಲಿ ಡೋಪಮೈನ್ ಕೋಶಗಳು ಸಾಯುತ್ತವೆ, ಬೇರೆ ತಳಿಗಳಲ್ಲಿ ಅಷ್ಟಿಲ್ಲ. ಲ್ಯಾಂಗ್‌ಸ್ಟನ್ ಕಾಲದವರು ದೊಡ್ಡ ಇಲಿಯೊಂದನ್ನೇ ನೋಡಿ ಕೈತೊಳೆದುಕೊಂಡಿದ್ದರೆ ಎಂಪಿಟಿಪಿ ನಿರಪರಾಧಿಯಾಗಿ ಬಿಡುಗಡೆಯಾಗುತ್ತಿತ್ತು.

ದೊಡ್ಡ ಇಲಿಗೆ ಬೇರೆ ಉಪಾಯವಿದೆ. ಮಿದುಳಿನ ಒಂದೇ ಬದಿಗೆ ಇನ್ನೊಂದು ವಿಷ ಹಾಕುತ್ತಾರೆ. ಆಮೇಲೆ ಸೂಕ್ತ ಔಷಧ ಕೊಟ್ಟರೆ ಅದು ಒಂದೇ ದಿಕ್ಕಿಗೆ ಗಾಣದ ಎತ್ತಿನಂತೆ ಸುತ್ತುತ್ತದೆ. ಸುತ್ತು ಎಣಿಸುತ್ತಾರೆ. ‘ಇಲಿಗೆ ಗುಣವಾಯಿತು’ ಎಂಬ ಸಾಲಿನ ಹಿಂದೆ ಎಷ್ಟೋ ಸಲ ಇರುವುದು ಸುತ್ತು ಕಡಿಮೆಯಾಯಿತು ಎಂಬ ಎಣಿಕೆ.

ಅಮ್ಮನಿಗೆ ಹೇಳುವುದಾದರೆ ಒಂದು ಪ್ರಶ್ನೆ ಕೇಳಲು ಹೇಳಿ: ಮದ್ದು ಕೊಟ್ಟದ್ದು ವಿಷಕ್ಕಿಂತ ಮೊದಲೋ, ಆಮೇಲೋ? ಕೋ ಎನ್‌ಜೈಮ್ ಕ್ಯೂ10 ಮತ್ತು ಕ್ರಿಯಾಟಿನ್ ಎರಡೂ ಎಂಪಿಟಿಪಿ ಸುಂಡಿಲಿಗಳನ್ನು ಕಾಪಾಡಿದ್ದವು, ಮೊದಲೇ ತಿನ್ನಿಸಿದ್ದರಿಂದ. ಮನುಷ್ಯರಲ್ಲಿ ಮೊದಲನೆಯದನ್ನು 600 ರೋಗಿಗಳಿಗೆ, ಎರಡನೆಯದನ್ನು 1,741 ರೋಗಿಗಳಿಗೆ ಇಟ್ಟು ಪರೀಕ್ಷಿಸಿದರು. ಎರಡನ್ನೂ ಪ್ರಯೋಜನವಿಲ್ಲವೆಂದು ನಡುವೆಯೇ ನಿಲ್ಲಿಸಬೇಕಾಯಿತು. ನಿಮ್ಮ ತಂದೆಯವರು ವೈದ್ಯರ ಬಳಿ ಬಂದದ್ದು ಕೋಶಗಳು ಹೋದ ಮೇಲೆ. ಸುಂಡಿಲಿಗೆ ಕೊಡೆ ಸಿಕ್ಕಿದ್ದು ಮಳೆಗೆ ಮೊದಲು.

ನೊಣದ ಸೀಸೆ

ಮೇಷ್ಟ್ರೇ, ನೊಣವನ್ನು ಬಿಟ್ಟಿರಿ. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹಣ್ಣಿನ ನೊಣ ಸಾಕುವವಳು, ಪಿಎಚ್.ಡಿ. ನಾಲ್ಕನೆಯ ವರ್ಷ. ಮೈಯೆಲ್ಲ ಮುಸುಕಿನ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸಿದ ವಾಸನೆ. ಬಸ್ಸಿನಲ್ಲಿ ಪಕ್ಕದವರು ಮೂಗು ಅರಳಿಸಿದರೆ ಅದು ನೊಣದ ಊಟದ ವಾಸನೆ ಎಂದು ಹೇಳಲಾಗುವುದಿಲ್ಲ.

ಶಿಬಿರೆ ಎಂಬ ನೊಣದ ತಳಿಯಿದೆ. ಜಪಾನಿ ಭಾಷೆಯಲ್ಲಿ ಜೋಮು ಎಂದು ಅರ್ಥ. ಸಾಮಾನ್ಯ ತಾಪಮಾನದಲ್ಲಿ ಎಲ್ಲ ನೊಣಗಳ ಹಾಗೆ ಹಾರಿಕೊಂಡಿರುತ್ತದೆ. 29–30 ಡಿಗ್ರಿ ದಾಟಿದರೆ ಧೊಪ್ಪನೆ ಬಿದ್ದು ಸ್ತಬ್ಧ. ತಂಪಿಗೆ ತಂದರೆ ಒಂದೆರಡು ನಿಮಿಷದಲ್ಲಿ ಎದ್ದು ನಡೆಯುತ್ತದೆ. ಮೇಷ್ಟ್ರು ಹೇಳಿದ ಸಂಚಿಗಳ ಕಥೆಯೇ. ಒಮ್ಮೆ ಬರಿದಾದ ಸಂಚಿಯ ಪೊರೆಯನ್ನು ನರದ ತುದಿ ಮತ್ತೆ ಒಳಕ್ಕೆ ಚಿವುಟಿಕೊಂಡು ಹೊಸ ಸಂಚಿ ಮಾಡಿಕೊಳ್ಳಬೇಕು. ಚಿವುಟುವ ಪ್ರೋಟೀನ್ ಈ ತಳಿಯಲ್ಲಿ ಬಿಸಿಗೆ ಕೆಲಸ ನಿಲ್ಲಿಸುತ್ತದೆ. ಕಳೆದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ವಿದ್ಯುತ್ ಹೋಯಿತು, ಜನರೇಟರ್ ಹತ್ತಲಿಲ್ಲ. ಊಟ ಮುಗಿಸಿ ಬಂದು ನೋಡಿದರೆ ಕೋಣೆ 31 ಡಿಗ್ರಿ, ಬಾಗಿಲು ತೆರೆದಿಟ್ಟ ಪೆಟ್ಟಿಗೆಯೊಳಗೆ ನನ್ನ ಸೀಸೆಗಳ ತಳದಲ್ಲೆಲ್ಲ ಎಳ್ಳು ಚೆಲ್ಲಿದಂತೆ ನೊಣ. ಪಕ್ಕದ ಸೀಸೆಗಳ ಮಾಮೂಲಿ ನೊಣಗಳು ಹಾಯಾಗಿದ್ದವು. ಮೂರು ಸೀಸೆಯನ್ನು ಕ್ಯಾಂಟೀನಿನ ಫ್ರಿಜ್ಜಿನ ಬಾಗಿಲಲ್ಲಿ ಹಿಡಿದು ನಿಂತು ಎಬ್ಬಿಸಿದ್ದೇನೆ.

ಬಿಸಿಗೆ ಬೀಳುವ ಇಂಥ ನೊಣಗಳ ನರಗಳಲ್ಲಿ ಏನು ಕೆಟ್ಟಿದೆ ಎಂದು ಒಬೈದ್ ಸಿದ್ದಿಕಿ ಮತ್ತು ಸೀಮೋರ್ ಬೆಂಜರ್ 1976ರಲ್ಲೇ ಪ್ರಕಟಿಸಿದ್ದರು. ಅದೇ ಸಿದ್ದಿಕಿ ಮುಂದೆ ಬೆಂಗಳೂರಿಗೆ ಬಂದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದವರು.

ಪಾರ್ಕಿನ್ಸನ್‌ಗೆ ಬರುತ್ತೇನೆ. ಹರೆಯದಲ್ಲೇ ಬರುವ ಒಂದು ಬಗೆಯ ಪಾರ್ಕಿನ್ಸನ್‌ನಲ್ಲಿ ಪಾರ್ಕಿನ್ ಎಂಬ ಜೀನ್ ಕೆಟ್ಟಿರುತ್ತದೆ. ಅದನ್ನು ಸುಂಡಿಲಿಯಲ್ಲಿ ತೆಗೆದುಹಾಕಿದರೆ ಡೋಪಮೈನ್ ಕೋಶಗಳು ಹೆಚ್ಚುಕಡಿಮೆ ಹಾಗೇ ಉಳಿದವು. ನೊಣದಲ್ಲಿ ತೆಗೆದರೆ ಹಾರುವ ಸ್ನಾಯುಗಳೇ ಕುಸಿದವು. ಏಕೆಂದರೆ ಅಲ್ಲಿನ ಕೋಶಗಳಿಗೆ ಶಕ್ತಿ ಒದಗಿಸುವ ಪುಟ್ಟ ಅಂಗಗಳಾದ ಮೈಟೊಕಾಂಡ್ರಿಯಾಗಳು ಹಾಳಾದವು. 2006ರಲ್ಲಿ ಪಿಂಕ್1 ಎಂಬ ಇನ್ನೊಂದು ಜೀನ್ ಅದೇ ಸಾಲಿನಲ್ಲಿ ಪಾರ್ಕಿನ್‌ಗಿಂತ ಮೊದಲು ನಿಲ್ಲುತ್ತದೆ ಎಂದು ಗೊತ್ತಾದದ್ದೂ ನೊಣದಿಂದ. ಮನುಷ್ಯನಿಗೆ ಹತ್ತಿರದ ಪ್ರಾಣಿಯೇ ಹೆಚ್ಚು ಹೇಳುತ್ತದೆ ಎಂದುಕೊಂಡು ನಾನು ಈ ಕೆಲಸಕ್ಕೆ ಸೇರಿದ್ದೆ, ಈಗ ಹಾಗೆ ಅನ್ನಿಸುವುದಿಲ್ಲ.

ನನ್ನ ದಿನದ ಕೆಲಸ ಇಷ್ಟೇ: ಸೀಸೆಯನ್ನು ಮೇಜಿಗೆ ಮೂರು ಸಲ ಕುಟ್ಟುವುದು, ನೊಣಗಳು ತಳಕ್ಕೆ ಬೀಳುತ್ತವೆ, ಹತ್ತು ಸೆಕೆಂಡಿನಲ್ಲಿ ಗೆರೆ ದಾಟಿ ಮೇಲೆ ಹತ್ತಿದವು ಎಷ್ಟು ಎಂದು ಎಣಿಸುವುದು. ಕಾಯಿಲೆಯ ನೊಣಗಳು ಅರ್ಧಕ್ಕೆ ನಿಲ್ಲುತ್ತವೆ, ಕೆಲವು ಜಾರಿ ಬೀಳುತ್ತವೆ. ನಿಮ್ಮ ಅಪ್ಪಯ್ಯ ಮೆಟ್ಟಿಲ ಬಳಿ ನಿಲ್ಲುವುದನ್ನು ಓದಿದ ಮೇಲೆ ಇವತ್ತು ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು.

ಹಿತ್ತಲಗಿಡ

ಇಷ್ಟು ದೂರ ಏಕೆ ಹೋಗುತ್ತೀರಿ? ನಸುಗುನ್ನಿ ಬೀಜದಲ್ಲಿ ಇದೇ ಡೋಪಾ ಇದೆ. ನಮ್ಮ ಬೇಲಿಯಲ್ಲೇ ಬೆಳೆಯುತ್ತದೆ. ಹಾಲಿನಲ್ಲಿ ಬೇಯಿಸಿ ಪುಡಿ ಮಾಡಿ ಕೊಡಿ. ಮೊಲವೂ ಬೇಡ, ಕೋತಿಯೂ ಬೇಡ.

ದಯಾಮಯಿ

ಎಲ್ಲರೂ ತಣ್ಣಗೆ ಬರೆಯುತ್ತಿದ್ದೀರಿ. ಕೋತಿಗೆ ವಿಷ ಹಾಕಿ ಅದರ ಬೆನ್ನು ಬಾಗುವುದನ್ನು ನೋಡುತ್ತ ಕೂರುವುದು ವಿಜ್ಞಾನವೇ? ಸುಂಡಿಲಿಯನ್ನು ಕಾಪಾಡಿದ ಮದ್ದು ಮನುಷ್ಯನಿಗೆ ಕೆಲಸ ಮಾಡಲಿಲ್ಲ ಎಂದು ಮೇಷ್ಟ್ರೇ ಒಪ್ಪಿದ ಮೇಲೆ ಮುಂದುವರಿಸುವುದು ಏಕೆ? ಕಪ್ಪೆ ಕೊಯ್ದ 31 ವರ್ಷದ ಬಗ್ಗೆ ಹೆಮ್ಮೆಯಿರುವಂತೆ ಕಾಣುತ್ತದೆ.

ಕಪ್ಪೆಮೇಷ್ಟ್ರು

ಹಿತ್ತಲಗಿಡದವರೇ, ನೀವು ಹೇಳಿದ ಅರ್ಧ ನಿಜ. ನಸುಗುನ್ನಿ ಬೀಜದಿಂದ ಡೋಪಾವನ್ನು ಬೇರ್ಪಡಿಸಿ 1937ರಲ್ಲಿ ಪ್ರಕಟಿಸಿದವರು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ. ಆದರೆ ಆಗ ಅದು ಒಂದು ಬೀಜದಲ್ಲಿರುವ ವಸ್ತು ಅಷ್ಟೇ. ಅದು ಮದ್ದು ಎಂದು ಹೇಳಲು ಇಪ್ಪತ್ತು ವರ್ಷದ ನಂತರ ಆ ಮೊಲಗಳೇ ಬೇಕಾದವು. ಇನ್ನೊಂದು ಮಾತು: ಒಂದು ಚಮಚ ಪುಡಿಯಲ್ಲಿ ಎಷ್ಟು ಡೋಪಾ ಇದೆ ಎಂದು ನಿಮ್ಮ ಬೇಲಿ ಹೇಳುವುದಿಲ್ಲ. ಅವರು ಈಗಾಗಲೇ ದಿನಕ್ಕೆ ನಾಲ್ಕು ಬಾರಿ ಅಳೆದ ಡೋಪಾ ತೆಗೆದುಕೊಳ್ಳುತ್ತಿದ್ದಾರೆ. ಅದರ ಮೇಲೆ ಇದನ್ನು ಸುರಿದರೆ ವಾಂತಿ, ತಲೆಸುತ್ತು, ಮೈ ತಾನಾಗಿ ತಿರುಚಿಕೊಳ್ಳುವ ಚಲನೆ ಬರಬಹುದು. ವೈದ್ಯರನ್ನು ಕೇಳದೆ ಕೊಡಬೇಡಿ.

ದಯಾಮಯಿಯವರೇ, ಹೆಮ್ಮೆ ಇಲ್ಲ. ಗೋಣಿಚೀಲದಲ್ಲಿ ಕೆರೆಯ ಕಪ್ಪೆಗಳನ್ನು ತಂದು ಸುರಿಯುತ್ತಿದ್ದ ಹುಡುಗನಿಗೆ ಎಣಿಸಿ ದುಡ್ಡು ಕೊಡುತ್ತಿದ್ದದ್ದು ನಾನೇ. ಮಳೆಗಾಲದಲ್ಲಿ ಚೀಲ ಉಸಿರಾಡಿದಂತೆ ಏಳುತ್ತ ಇಳಿಯುತ್ತ ಇರುತ್ತಿತ್ತು. ಬರ್ನಾರ್ಡ್ ಒಮ್ಮೆ ಕಂಡುಹಿಡಿದದ್ದನ್ನು ನನ್ನ ಹುಡುಗರು ಪ್ರತಿ ವರ್ಷ ಮತ್ತೆ ಕಂಡುಹಿಡಿಯಬೇಕಾಗಿರಲಿಲ್ಲ. ಅರ್ಧದಷ್ಟು ಹುಡುಗರು ಪಕ್ಕದವನ ಗ್ರಾಫ್ ನಕಲು ಮಾಡಿ ದಾಖಲೆ ಪುಸ್ತಕಕ್ಕೆ ಅಂಟಿಸುತ್ತಿದ್ದರು, ಅವರ ಪಾಲಿನ ಕಪ್ಪೆ ಸುಮ್ಮನೆ ಸತ್ತಿತು. ತರಗತಿಯ ಕಪ್ಪೆ ಹೋಗಿ ಗಣಕದ ಪರದೆ ಬಂದಾಗ ನನ್ನ ಸಹೋದ್ಯೋಗಿಗಳು ಗೊಣಗಿದರು, ನಾನು ಗೊಣಗಲಿಲ್ಲ.

ಸಂಶೋಧನೆಯ ಪ್ರಾಣಿಯ ವಿಷಯದಲ್ಲಿ ಮಾತ್ರ ನಿಮ್ಮೊಡನೆ ಪೂರ್ತಿ ಬರಲಾರೆ. ಕೋತಿಯ ಪ್ರಶ್ನೆ ಕೇಳಿದ್ದೀರಿ. ಎಂಪಿಟಿಪಿ ಕೊಟ್ಟ ಕೋತಿಗಳ ಮಿದುಳಿನಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟು ಅತಿಯಾಗಿ ಗಲಾಟೆ ಮಾಡುವುದನ್ನು ಅಮೆರಿಕದ ಮಾಲನ್ ಡಿಲಾಂಗ್ ತಂಡ ಕಂಡಿತು. ಆ ಗಂಟನ್ನು ಸುಮ್ಮನಾಗಿಸಿದಾಗ ಕೋತಿಗಳು ಮತ್ತೆ ಚಲಿಸಿದವು. 1990ರಲ್ಲಿ ಅದು ಪ್ರಕಟವಾಯಿತು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಅದೇ ಗಂಟಿಗೆ ರೋಗಿಗಳಲ್ಲಿ ಸಣ್ಣ ತಂತಿ ಇಳಿಸಿ ವಿದ್ಯುತ್ ಕೊಟ್ಟರು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಆ ಗಂಟಿನ ಗಲಾಟೆಯನ್ನು ನೊಣದಲ್ಲಿ ಕೇಳಲಾಗುತ್ತಿರಲಿಲ್ಲ, ಅದಕ್ಕೆ ಆ ಗಂಟೇ ಇಲ್ಲ. ಆದರೆ ನೊಣಕ್ಕೆ ಕೇಳಬಹುದಾದದ್ದನ್ನು ಕೋತಿಗೆ ಕೇಳಿದರೆ ಅದು ಅಪರಾಧ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು. ಅಂಥ ಒಂದು ಸಮಿತಿಯಲ್ಲಿ ನಾಲ್ಕು ವರ್ಷ ಕೂತಿದ್ದೇನೆ. ‘ಇಷ್ಟು ಇಲಿ ಏಕೆ’ ಎಂದು ಕೇಳಿದಾಗ ‘ಹೋದ ಸಲವೂ ಇಷ್ಟೇ ತೆಗೆದುಕೊಂಡಿದ್ದೆವು’ ಎಂದವರ ಅರ್ಜಿಯನ್ನು ವಾಪಸು ಕಳಿಸಿದ್ದೇವೆ. ಎಲ್ಲ ಸಲವೂ ಕಳಿಸಿದೆವು ಎಂದು ಮಾತ್ರ ಎದೆಮುಟ್ಟಿ ಹೇಳಲಾರೆ.

ಅಡಿಕೆಮನೆ

ಎಲ್ಲರಿಗೂ ಧನ್ಯವಾದ. ಶನಿವಾರ ಊರಿಗೆ ಹೋಗಿದ್ದೆ. ಮೇಷ್ಟ್ರು ಬರೆದದ್ದನ್ನು ಜಗಲಿಯಲ್ಲಿ ಕೂತು ಅಮ್ಮನಿಗೆ ಓದಿ ಹೇಳಿದೆ. ‘ಮಳೆಗೆ ಮೊದಲು ಕೊಡೆ’ ಎನ್ನುವುದು ಅವರಿಗೆ ಕೂಡಲೇ ಹಿಡಿಯಿತು. ಹಿತ್ತಲಗಿಡದವರೇ, ನಸುಗುನ್ನಿ ಪುಡಿಯ ಡಬ್ಬಿ ನಮ್ಮ ಅಡುಗೆಮನೆಯಲ್ಲಿ ಮೊದಲೇ ಇತ್ತು. ಚಿಕ್ಕಮ್ಮ ಕಳಿಸಿದ್ದರಂತೆ. ಎರಡು ವಾರದಿಂದ ಅಪ್ಪಯ್ಯನ ಬಾಯಿ, ಭುಜ ತಾನಾಗಿ ತಿರುಚುತ್ತಿದ್ದದ್ದು ಕಾಯಿಲೆ ಹೆಚ್ಚಾದದ್ದಕ್ಕೆ ಎಂದುಕೊಂಡಿದ್ದೆವು. ವೈದ್ಯರಿಗೆ ಫೋನ್ ಮಾಡಿದೆ. ಪುಡಿ ನಿಲ್ಲಿಸಿ, ಬರುವಾಗ ಡಬ್ಬಿಯನ್ನೂ ತನ್ನಿ ಎಂದಿದ್ದಾರೆ.

ತಂತಿ ಇಳಿಸುವ ಶಸ್ತ್ರಚಿಕಿತ್ಸೆಯ ಮಾತನ್ನು ಅವರು ಹೋದ ಸಲವೇ ಎತ್ತಿದ್ದರು, ನಾವು ಹೆದರಿ ಸುಮ್ಮನಿದ್ದೆವು. ಅದು ಕೋತಿಯಿಂದ ಗೊತ್ತಾದದ್ದು ಎಂದು ಅಪ್ಪಯ್ಯನಿಗೆ ಹೇಳಿದೆ. ಎಳೆಯ ಅಡಿಕೆ ಕಿತ್ತು ರಸ ಹೀರಿ ಎಸೆಯುವ ಮಂಗಗಳನ್ನು ಐವತ್ತು ವರ್ಷ ಗರ್ನಾಲು ಹಚ್ಚಿ ಓಡಿಸಿದ ಮನುಷ್ಯ. ಸ್ವಲ್ಪ ಹೊತ್ತು ತೋಟದ ಕಡೆ ನೋಡುತ್ತ ಕೂತರು. ಆಮೇಲೆ, ‘ಆ ಮಂಗಕ್ಕೆ ಆಮೇಲೆ ಮರ ಹತ್ತಲಿಕ್ಕೆ ಆಯಿತಾ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೇಷ್ಟ್ರೇ, ನಿಮಗೆ ಗೊತ್ತಿದ್ದರೆ ಬರೆಯಿರಿ, ಮುಂದಿನ ವಾರ ಹೋದಾಗ ಮತ್ತೆ ಕೇಳುತ್ತಾರೆ.